ಯಥಾಶಕ್ತಿ ಸೇವೆ: ಮೈಯಲ್ಲಿ ಬಲವಿಲ್ಲದವರ ಹರಕೆಯ ಕುರಿತು ನಾಲ್ಕು ಮಾತು

ಶ್ರೀ ರೇಣುಕಾ ಯಲ್ಲಮ್ಮ ತಾಯಿಯ ಗುಡ್ಡಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬರುವ ಸದ್ಭಕ್ತರೇ,

ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಚಕ್ಕಡಿ ಹೂಡಿಕೊಂಡು ಬಂದ ಮನೆತನದವರು ನೀವಾಗಿದ್ದರೆ ಒಂದು ವಿದ್ಯೆಯನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಗೋಕಾಕ ದಾಟಿ ಯರಗಟ್ಟಿ ಮುಟ್ಟುವುದರೊಳಗೆ ಎತ್ತುಗಳನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೊಳ್ಳ ಹರಿದು ನೀರು ಕುಡಿಸಬೇಕು, ಎಷ್ಟು ಹೊತ್ತು ನೆರಳಿನಲ್ಲಿ ಮೆಲುಕು ಹಾಕಲು ಬಿಡಬೇಕು ಎಂಬುದು ನಿಮ್ಮ ಹಿರಿಯರಿಗೆ ಬಾಯಿಪಾಠವಾಗಿತ್ತು. ಒಂದು ಎತ್ತು ಕುಂಟಿದರೆ ಅದನ್ನು ಚಕ್ಕಡಿಯ ಹಿಂದೆ ಕಟ್ಟಿ, ಹತ್ತಿರದ ಊರಿನಿಂದ ಬೇರೆ ಎತ್ತು ಕೇಳಿ ತಂದು ಹೂಡುತ್ತಿದ್ದರು. ಕುಂಟಿದ ಎತ್ತಿಗೆ ಮೈಗಳ್ಳ ಎಂದು ಯಾರೂ ಅನ್ನುತ್ತಿರಲಿಲ್ಲ. ಏರು ದಾರಿ ಬಂದಾಗ ಗಂಡಸರೆಲ್ಲ ಇಳಿದು ನಡೆಯುತ್ತಿದ್ದರು.

ಅದೇ ಚಕ್ಕಡಿಯಲ್ಲಿ ಒಬ್ಬ ಹೆಣ್ಣುಮಗಳು ಕುಳಿತಿರುತ್ತಾಳೆ. ಕೀಲುಕೀಲಿನಲ್ಲಿ ನೋವು. ಹಿಂದಿನ ದಿನ ನಸುಕಿನಲ್ಲೇ ಎದ್ದು ಎರಡು ಬುಟ್ಟಿ ಜೋಳದ ರೊಟ್ಟಿ ಬಡಿದು, ಪಡ್ಡಲಗಿಗೆಂದು ಹೋಳಿಗೆ ಕಡುಬು ಮಾಡಿ, ಮಕ್ಕಳ ಅರಿವೆ ಕಟ್ಟಿ, ದನಕ್ಕೆ ಮೇವು ನೀರು ಮಾಡಿಟ್ಟು ಹತ್ತಿದವಳು. ಆಕೆಗೆ ಎಲ್ಲಿ ಕೊಳ್ಳ ಹರಿಯಬೇಕು ಎಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ಗುಡ್ಡ ಮುಟ್ಟಿದ ಕೂಡಲೇ ಒಲೆ ಹೂಡುವವಳೂ ಆಕೆಯೇ.

ಈ ಲೇಖನ ಅಂಥವರ ಕುರಿತಾಗಿದೆ. ಸಕ್ಕರೆ ರೋಗದವರು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿ ನಾಲ್ಕು ನಾಲ್ಕು ತಾಸು ಮಲಗಿ ಬರುವವರು, ಪೋಲಿಯೋ ಬಂದು ಕಾಲು ಸಣ್ಣಗಾದವರು, ಸಂಧಿವಾತದವರು, ಕೊರೊನಾ ಹೋದರೂ ಅದರ ದಣಿವು ಮೈಬಿಟ್ಟು ಹೋಗದವರು, ಇವರಿಗೆಲ್ಲ ದಿನಕ್ಕೆ ಇಷ್ಟೇ ಎಂದು ಅಳೆದು ಕೊಟ್ಟಂತೆ ಬಲ ಇರುತ್ತದೆ. ಅದನ್ನು ಹೇಗೆ ಕಾಯ್ದುಕೊಳ್ಳಬೇಕೆಂದು ಡಾಕ್ಟರರು ಹೇಳುತ್ತಾರೆ. ನಾನು ಕೇಳಬೇಕೆಂದಿರುವುದು ಧರ್ಮದ ಪ್ರಶ್ನೆ: ಇದ್ದಷ್ಟು ಬಲವನ್ನು ಅಳೆದು ಖರ್ಚು ಮಾಡುವುದು, ಕೆಲವು ಕೆಲಸಕ್ಕೆ ಒಲ್ಲೆ ಅನ್ನುವುದು, ಕಡೆಗೆ ದೇವರ ಸೇವೆಯನ್ನೂ ಕಡಿಮೆ ಮಾಡುವುದು ತಪ್ಪೋ, ಸರಿಯೋ?

ನನ್ನ ಮನೆಯ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ನಾನು ಮೂಡಲಗಿ ಸಮೀಪದ ಒಂದು ಹಳ್ಳಿಯವನು, ಶಾಲಾ ಮಾಸ್ತರನಾಗಿ ನಿವೃತ್ತನಾದವನು. 2006ರಲ್ಲಿ, ನಮ್ಮೂರು ಇನ್ನೂ ಗೋಕಾಕ ತಾಲೂಕಿನಲ್ಲೇ ಇದ್ದಾಗ, ಚಿಕುನ್‌ಗುನ್ಯಾ ಬಂತು. ಆ ವರ್ಷ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಮೇಲ್ಪಟ್ಟು ಜನರಿಗೆ ಆ ಜ್ವರದ ಶಂಕೆ ಇತ್ತೆಂದು ಸರಕಾರದ ಲೆಕ್ಕ ಹೇಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಓಣಿಗೆ ಓಣಿಯೇ ಮಲಗಿತ್ತು. ಆಫ್ರಿಕಾದ ತಾಂಜಾನಿಯಾ ಕಡೆಯ ಮಕೊಂಡೆ ಜನರ ಭಾಷೆಯಿಂದ ಬಂದ ಹೆಸರಂತೆ ಅದು. ನೋವಿಗೆ ಮೈ ಮುದುಡಿ ಬಾಗುವುದು ಎಂಬ ಅರ್ಥ. ಎಂಟು ದಿನಕ್ಕೆ ಜ್ವರ ಬಿಡುತ್ತದೆ. ಕೀಲಿನ ನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ನನಗೆ ಹದಿನೈದು ದಿನಕ್ಕೆ ಆರಾಮವಾಯಿತು. ನಮ್ಮ ಮನೆಯಾಕೆಗೆ ಆಗಲಿಲ್ಲ.

ಮುಂಗೈ, ಬೆರಳು, ಹಿಮ್ಮಡಿ. ಬೆಳಿಗ್ಗೆ ಎದ್ದರೆ ಒಂದು ತಾಸು ಮುಷ್ಟಿ ಕೂಡುತ್ತಿರಲಿಲ್ಲ. ರೊಟ್ಟಿ ಬಡಿಯುವುದು ಎಂಥ ಕೆಲಸ ಎಂದು ನಮ್ಮ ಕಡೆಯ ಗಂಡಸರಿಗೆ ಗೊತ್ತಿಲ್ಲ. ದಿನಾಲು ಮೂವತ್ತು ನಾಲ್ವತ್ತು ರೊಟ್ಟಿ ಎಂದರೆ ಮುಂಗೈಗೆ ಎಷ್ಟು ಪೆಟ್ಟು ಎಂದು ಎಣಿಸಿ ನೋಡಿದವರಿಲ್ಲ. ನಾನೂ ಎಣಿಸಿರಲಿಲ್ಲ. ನಾನು ಅಂದದ್ದು ಇಷ್ಟು: “ಊರ ಮಂದಿಗೆಲ್ಲಾ ಬಂದಿತ್ತು. ಎಲ್ಲಾರೂ ಎದ್ದ ಓಡ್ಯಾಡಾಕತ್ತಾರ. ನಿನಗೊಬ್ಬಾಕಿಗೆ ಏನಾಗೇತಿ?” ಮಾಸ್ತರ ಅನಿಸಿಕೊಂಡವನು, ಮಕ್ಕಳಿಗೆ ದಯೆಯ ಪಾಠ ಹೇಳುವವನು ಆಡಿದ ಮಾತು ಇದು. ನಮ್ಮ ಅವ್ವ ನನಗಿಂತ ಒಂದು ಮಾತು ಮುಂದೆ ಹೋಗಿದ್ದಳು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆಗಲೇ ಆಕೆ ಹರಕೆ ಹೊತ್ತದ್ದು. ಕೈ ನೆಟ್ಟಗಾದರೆ ಜೋಗುಳಬಾವಿಯಿಂದ ತಾಯಿಯ ಗುಡಿಯ ತನಕ ದೀಡ ನಮಸ್ಕಾರ ಹಾಕುತ್ತೇನೆ ಎಂದು. ಅಂದರೆ ನೆಲದ ಮೇಲೆ ಉದ್ದಕ್ಕೆ ಮಲಗಿ, ಕೈ ಮುಟ್ಟಿದಲ್ಲಿ ಗುರುತು ಮಾಡಿ, ಎದ್ದು, ಗುರುತಿನಲ್ಲಿ ನಿಂತು, ಮತ್ತೆ ಮಲಗುವುದು. ಗಟ್ಟಿ ಆಳಿಗೂ ಅದು ಸಣ್ಣ ಸೇವೆಯಲ್ಲ. ಕೈ ಅರ್ಧ ನೆಟ್ಟಗಾಯಿತು, ಅರ್ಧ ಆಗಲಿಲ್ಲ. ಹರಕೆ ಹಾಗೇ ಉಳಿಯಿತು. ಓಣಿಯ ಹೆಂಗಸರು, “ಹರಕಿ ತೀರಿಸಿಲ್ಲವಾ ನೀ, ಅದಕ್ಕ ಬ್ಯಾನಿ ಬಿಟ್ಟಿಲ್ಲ” ಎನ್ನತೊಡಗಿದರು. ಬೇನೆ ಇದ್ದದ್ದರಿಂದ ಹರಕೆ ತೀರಲಿಲ್ಲ. ಹರಕೆ ತೀರಲಿಲ್ಲವೆಂದು ಬೇನೆ ಎಂದರು. ಈ ಗಾಣದಲ್ಲಿ ಆಕೆ ಆರು ವರ್ಷ ತಿರುಗಿದಳು.

ಈ ರೋಗಗಳ ಸ್ವಭಾವ ಹೇಗೆಂದರೆ, ಬಲ ಪೂರ್ತಿ ಹೋಗಿಬಿಡುವುದಿಲ್ಲ. ಹೋಗಿದ್ದರೆ ಎಲ್ಲರೂ ನಂಬುತ್ತಿದ್ದರು. ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ನಮ್ಮ ರೈತರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಪಂಪಸೆಟ್ಟಿಗೆ ಥ್ರೀ ಫೇಸ್ ಕರೆಂಟು ಇಡೀ ದಿನ ಇರುವುದಿಲ್ಲ, ಇಷ್ಟು ತಾಸು ಎಂದು ಪಾಳಿ. ಹುಕ್ಕೇರಿಯವರಿಗಂತೂ 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ, ಕರೆಂಟಿನ ಲೆಕ್ಕ ಅವರಿಗೆ ಮನೆಮಾತು. ಕರೆಂಟು ಬಂತೆಂದು ಒಂದೇ ಟಿ.ಸಿ. ಮೇಲಿನ ಮೋಟಾರುಗಳನ್ನೆಲ್ಲ ಒಮ್ಮೆಲೇ ಚಾಲೂ ಮಾಡಿದರೆ ಏನಾಗುತ್ತದೆ? ಟಿ.ಸಿ. ಸುಡುತ್ತದೆ. ಆಮೇಲೆ ಬೇರೆಯದು ಬಂದು ಕೂರುವವರೆಗೆ ಯಾರ ಕಬ್ಬಿಗೂ ನೀರಿಲ್ಲ. ಬೇನೆಯವರ ಒಳ್ಳೆಯ ದಿನವೂ ಹೀಗೇ. “ಇವತ್ತ ಆರಾಮ ಐತಿ” ಎಂದು ಎದ್ದು, ಎಂಟು ದಿನದಿಂದ ಬಿದ್ದಿದ್ದ ಅರಿವೆ ಒಗೆದು, ಮನೆ ಸಾರಿಸಿ, ಕಾಳು ಹಸನು ಮಾಡಿ, ಸಂಜೆಗೆ ಬೀಗರಿಗೂ ಅಡಿಗೆ ಮಾಡಿದರೆ ಮರುದಿನದಿಂದ ಮೂರು ದಿನ ಹಾಸಿಗೆ. ನೋಡುವವರಿಗೆ ಕಾಣುವುದು ಮೊದಲನೆಯ ದಿನ ಮಾತ್ರ. “ನಿನ್ನೆ ಅಷ್ಟ ಮಾಡಿದ್ಲು, ಇವತ್ತ ಮಲಗ್ಯಾಳ, ನಾಟಕ” ಎನ್ನುತ್ತಾರೆ. ನಿನ್ನೆ ಅಷ್ಟು ಮಾಡಿದ್ದಕ್ಕೇ ಇವತ್ತು ಮಲಗಿದ್ದು ಎಂದು ಹೊಳೆಯುವುದಿಲ್ಲ.

ಕರೆಂಟಿಗಾದರೂ ಹೊತ್ತು ಗೊತ್ತಿರುತ್ತದೆ. ಬೇನೆಯವರಿಗೆ ಅದೂ ಗೊತ್ತಿರುವುದಿಲ್ಲ. ಆದ್ದರಿಂದ ಅವರು ಬಲ ಇದ್ದಾಗಲೇ ನಿಲ್ಲಿಸುವುದನ್ನು ಕಲಿಯಬೇಕಾಗುತ್ತದೆ, ದಣಿದ ಮೇಲೆ ನಿಂತರೆ ತಡವಾಗಿರುತ್ತದೆ. ಇದು ಹೇಳಿದಷ್ಟು ಸುಲಭವಲ್ಲ. ಇನ್ನೂ ಕೈಯಾಡುತ್ತಿರುವಾಗ, ಎಲ್ಲರೂ ನೋಡುತ್ತಿರುವಾಗ, ಅರ್ಧ ಕೆಲಸ ಬಿಟ್ಟು ಎದ್ದು ಹೋಗಿ ಮಲಗಲು ಎಷ್ಟು ಧೈರ್ಯ ಬೇಕು, ಒಬ್ಬ ಸೊಸೆಯನ್ನು ಕೇಳಿ ನೋಡಿರಿ.

ಪೋಲಿಯೋದವರ ಮಾತು ಇನ್ನೂ ವಿಚಿತ್ರವಾಗಿದೆ. ನಮ್ಮ ದೇಶದಲ್ಲಿ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಅದಕ್ಕೂ ಬಹಳ ಮೊದಲು ಚಿಕ್ಕಂದಿನಲ್ಲಿ ಅದು ಬಂದುಹೋದವರು ಇಂದು ನಡುವಯಸ್ಸಿನಲ್ಲಿದ್ದಾರೆ. ಹಟದಿಂದ ಕೋಲೂರಿ ನಡೆದು, ಅಂಗಡಿ ಇಟ್ಟು, ಹೊಲಿಗೆ ಕಲಿತು ಬಾಳಿದವರು. ಅಂಥವರಲ್ಲಿ ಕೆಲವರಿಗೆ ಹತ್ತಾರು ವರ್ಷಗಳ ಮೇಲೆ ಹೊಸದಾಗಿ ಬಲ ಕುಂದುತ್ತದೆ. ಉಳಿದ ನರಗಳೇ ಸತ್ತ ನರಗಳ ಕೆಲಸವನ್ನೂ ಇಷ್ಟು ದಿನ ಹೊತ್ತಿರುತ್ತವೆ, ಅವೂ ಸೋಲುತ್ತವೆ ಎಂದು ವೈದ್ಯರ ವಿವರಣೆ. ಹಟವೇ ಅವರ ಆಸ್ತಿಯಾಗಿತ್ತು. ಈಗ ಹಟ ಬಿಡಿ, ಬಲ ಉಳಿಸಿಕೊಳ್ಳಿ ಎನ್ನುತ್ತಾರೆ. ಜೀವಮಾನವಿಡೀ ಯಾವ ಗುಣಕ್ಕೆ ಜನ ಹೊಗಳಿದರೋ ಅದನ್ನೇ ಬಿಡಬೇಕೆಂದರೆ ಮನಸ್ಸಿಗೆ ಏನಾಗಬೇಡ!

ಅಮೆರಿಕದಲ್ಲಿ ಕ್ರಿಸ್ಟೀನ್ ಮಿಸರಾಂಡಿನೊ ಎಂಬಾಕೆ ಲೂಪಸ್ ಎಂಬ ದೀರ್ಘರೋಗದವರು. ನಿನಗೆ ಏನು ಅನಿಸುತ್ತದೆ ಎಂದು ಗೆಳತಿ ಕೇಳಿದಾಗ ಹೋಟೆಲಿನ ಮೇಜಿನ ಮೇಲಿದ್ದ ಚಮಚಗಳನ್ನು ಕೂಡಿಸಿ ಆಕೆಯ ಕೈಗೆ ಕೊಟ್ಟು, ಇದು ನಿನ್ನ ಇಡೀ ದಿನದ ಬಲ. ಎದ್ದದ್ದಕ್ಕೆ ಒಂದು, ಸ್ನಾನಕ್ಕೆ ಒಂದು, ಬಸ್ಸು ಹಿಡಿದದ್ದಕ್ಕೆ ಒಂದು ಎಂದು ಒಂದೊಂದೇ ಹಿಂದೆ ತೆಗೆದುಕೊಂಡರಂತೆ. ಅದನ್ನು ಅವರು 2003ರಲ್ಲಿ ಬರೆದರು. ಆಮೇಲೆ ಎಷ್ಟೋ ದೇಶದ ರೋಗಿಗಳು ಚಮಚದ ಲೆಕ್ಕದಲ್ಲೇ ಮಾತಾಡತೊಡಗಿದರು. ನಮಗೆ ಚಮಚ ಬೇಡ. ಯಾತ್ರೆಗೆ ಕಟ್ಟಿದ ಬುತ್ತಿ ಎಂದರೆ ಸಾಕು. ಐದು ದಿನದ ರೊಟ್ಟಿಯನ್ನು ಮೊದಲ ಬೀಡಿನಲ್ಲೇ ಎಲ್ಲರಿಗೂ ಹಂಚಿದವಳನ್ನು ದಾನಿ ಅನ್ನಬಹುದು, ನಾಲ್ಕನೆಯ ದಿನ ಮಕ್ಕಳು ಉಪವಾಸ.

ಈಗ ಧರ್ಮದ ಮಾತಿಗೆ ಬರೋಣ. ಯಾವ ಪೂಜೆಗೆ ಕುಳಿತರೂ ಪುರೋಹಿತರು ಸಂಕಲ್ಪ ಹೇಳಿಸುತ್ತಾರೆ. ಅದರಲ್ಲಿ ‘ಯಥಾಶಕ್ತಿ’ ಎಂಬ ಒಂದು ಮಾತು ಬರುತ್ತದೆ. ನಾವು ಅದನ್ನು ಗಿಳಿಯಂತೆ ಹೇಳಿ ಮುಂದೆ ಹೋಗುತ್ತೇವೆ. ಬಹಳ ಮಂದಿ ಅದನ್ನು ಬಡವರಿಗೆ ಕೊಟ್ಟ ರಿಯಾಯಿತಿ ಎಂದು ತಿಳಿದಿದ್ದಾರೆ, ಕಾಯಿ ತರಲಾಗದಿದ್ದರೆ ಹೂವು ಸಾಕು ಎಂಬಂತೆ. ನನಗೆ ಹಾಗನ್ನಿಸುವುದಿಲ್ಲ. ರಿಯಾಯಿತಿಯಾಗಿದ್ದರೆ ಅಶಕ್ತರ ಸಂಕಲ್ಪದಲ್ಲಿ ಮಾತ್ರ ಅದು ಇರಬೇಕಿತ್ತು. ಗಟ್ಟಿ ಮೈಯವನೂ, ನೂರೆಕರೆ ಗೌಡನೂ ಅದನ್ನೇ ಹೇಳಬೇಕು. ಎಂದರೆ ಸೇವೆಯ ಅಳತೆಗೋಲು ಎಲ್ಲರಿಗೂ ಅದೊಂದೇ. ನನ್ನ ಶಕ್ತಿ ಎಷ್ಟಿದೆಯೋ ಅಷ್ಟಕ್ಕೆ ನಾನು ಮಾತು ಕೊಡುತ್ತೇನೆ. ಇಲ್ಲದ್ದನ್ನು ಕೊಡುತ್ತೇನೆ ಎಂದು ದೇವರ ಮುಂದೆ ಹೇಳುವುದು ಭಕ್ತಿಯ ಹೆಚ್ಚಳವಲ್ಲ, ಲೆಕ್ಕದ ಸುಳ್ಳು.

ಸಾವಳಗಿ ಶಿವಲಿಂಗೇಶ್ವರರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಸೀಮೆ ನಮ್ಮದು. ನಮ್ಮ ಮುಸಲ್ಮಾನ ನೆರೆಯವರನ್ನು ಕೇಳಿ ನೋಡಿರಿ. ರೋಗಿಗೆ ರಂಜಾನಿನ ಉಪವಾಸ ಕಡ್ಡಾಯವಲ್ಲ, ನೆಟ್ಟಗಾದ ಮೇಲೆ ಬೇರೆ ದಿನ ಹಿಡಿಯಬಹುದು. ನೆಟ್ಟಗಾಗದ ರೋಗವಿದ್ದರೆ ಬಡವರಿಗೆ ಉಣಿಸಬಹುದು. ನಿಲ್ಲಲಾಗದವನು ಕುಳಿತು ನಮಾಜು ಮಾಡಬಹುದು, ಕೂರಲಾಗದವನು ಮಲಗಿದಲ್ಲೇ ಮಾಡಬಹುದು. ಕುಳಿತು ಮಾಡಿದ್ದು ಅರ್ಧ ನಮಾಜು ಎಂದು ಆ ರೋಗಿಗೆ ಯಾರೂ ಹೇಳುವುದಿಲ್ಲ.

ಕೆಲವರು ಶರಣರ ಕಾಯಕದ ಮಾತು ಎತ್ತುತ್ತಾರೆ. ದುಡಿಯುವುದೇ ಪೂಜೆಯಾದ ಮೇಲೆ ಮಲಗಿದವರಿಗೆ ಏನು ಪುಣ್ಯ ಎಂದು. ಇವರಿಗೆ ನಾನು ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಸುತ್ತೇನೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇವತ್ತಿಗೆ ಬೇಕಾದಷ್ಟು ಇಟ್ಟು ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಆಸೆಯ ವಿರುದ್ಧದ ಕಥೆ ಎಂದು ಎಲ್ಲ ಪ್ರವಚನದಲ್ಲೂ ಹೇಳುತ್ತಾರೆ, ಖರೆ. ಆದರೆ ಕಾಯಕಕ್ಕೂ ಒಂದು ಅಳತೆ ಉಂಟು, ಅಳತೆ ಮೀರಿದ ಕಾಯಕವನ್ನು ಮೆಚ್ಚಬೇಕಾಗಿಲ್ಲ ಎಂಬುದೂ ಅದರಲ್ಲಿಲ್ಲವೇ? ಅದನ್ನು ಮನೆಯಾಕೆ ಹೇಳಿದಳು, ಗಂಡ ಕೇಳಿದ ಎಂಬುದನ್ನೂ ಮರೆಯಬಾರದು.

ಸರಿ, ಅಳತೆ ಎಂದರೆ ಅಳೆಯುವವರು ಯಾರು? ಜಗಳ ಇರುವುದೇ ಇಲ್ಲಿ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು; 2016ರ ಕಾಯ್ದೆಯಲ್ಲಿ ಅವು 21 ಆದವು. ಥಲಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್‌ನಂಥ, ಮೇಲ್ನೋಟಕ್ಕೆ ಕಾಣದ ಅಥವಾ ಕೆಲವು ದಿನ ಮಾತ್ರ ಕಾಣುವ ತೊಂದರೆಗಳೂ ಸೇರಿದವು. ಸರಕಾರ ಇಷ್ಟು ಕಣ್ಣು ತೆರೆದದ್ದು ದೊಡ್ಡ ಮಾತೇ. ಆದರೂ ಕಾರ್ಡಿನ ಮೇಲೆ ಬರೆಯುವ ಶೇಕಡಾ ಲೆಕ್ಕ ಒಂದು ದಿನದ್ದು. ಮಂಗಳವಾರ ಬೆಳಿಗ್ಗೆ ಈಕೆಯ ಮುಂಗೈಯಲ್ಲಿ ಎಷ್ಟು ರೊಟ್ಟಿಯ ಬಲ ಇದೆ ಎಂದು ಯಾವ ಕಾರ್ಡೂ ಹೇಳಲಾರದು. ಅದು ಆಕೆಗೆ ಮಾತ್ರ ಗೊತ್ತು. ಆದ್ದರಿಂದ ನಂಬುವುದೊಂದೇ ಉಳಿದವರ ಪಾಲಿಗೆ ಇರುವ ಕೆಲಸ.

ಹಾಗಾದರೆ ನಿಜವಾದ ಮೈಗಳ್ಳರು ಇದರ ಲಾಭ ತೆಗೆದುಕೊಳ್ಳುವುದಿಲ್ಲವೇ ಎಂದು ಕೇಳುವಿರಿ. ತೆಗೆದುಕೊಳ್ಳುತ್ತಾರೆ. ಮೂವತ್ತೈದು ವರ್ಷ ಹೊಟ್ಟೆನೋವಿನ ಚೀಟಿ ನೋಡಿದ ಮಾಸ್ತರ ನಾನು, ಅದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಮೈಗಳ್ಳನೊಬ್ಬನನ್ನು ನಂಬಿ ಮೋಸಹೋದರೆ ನಾಲ್ಕು ರೊಟ್ಟಿಯ ನಷ್ಟ. ಬೇನೆಯವಳನ್ನು ನಂಬದೆ ದುಡಿಸಿದರೆ ಆಗುವ ನಷ್ಟ ತಿರುಗಿ ಬರುವಂಥದ್ದಲ್ಲ. ಇನ್ನೊಂದು ನಾನು ಕಂಡದ್ದು: ಕೆಲಸ ತಪ್ಪಿತೆಂದರೆ ಮೈಗಳ್ಳನ ಮುಖ ಅರಳುತ್ತದೆ. ಮೈಯಲ್ಲಿ ಆಗದೆ ಮಲಗಿದವಳು ಒಳಗಿನಿಂದ ಪಾತ್ರೆಯ ಸಪ್ಪಳ ಕೇಳಿ ಅಳುತ್ತಾಳೆ. ನಾನು ಆ ಅಳುವನ್ನು ಬಹಳ ವರ್ಷ ನಾಟಕ ಎಂದೇ ತಿಳಿದಿದ್ದೆ.

ಇನ್ನೊಂದು ಮಾತು ಎಲ್ಲಕ್ಕಿಂತ ಹೆಚ್ಚು ಚುಚ್ಚುವಂಥದ್ದು. “ಜಾತ್ರಿಗೆ ಬರಾಕ ಆಗತೈತಿ, ಕಳೆ ತಗಿಯಾಕ ಆಗೂದಿಲ್ಲ?” ಗುಡ್ಡಕ್ಕೆ ಬಂದ ಪ್ರತಿಯೊಬ್ಬ ಬೇನೆಯವಳೂ ಇದನ್ನು ಕೇಳಿಯೇ ಬಂದಿರುತ್ತಾಳೆ. ಎಂಟು ದಿನ ಒಂದೊಂದು ಕೆಲಸ ಬಿಟ್ಟು, ಮಧ್ಯಾಹ್ನ ಮಲಗಿ, ಕೂಡಿಸಿಟ್ಟ ಬಲದಿಂದ ಆಕೆ ಒಂದು ದಿನ ತಾಯಿಯ ಮುಖ ನೋಡಲು ಬಂದಿದ್ದಾಳೆ. ಉಳಿತಾಯ ಮಾಡಿದ ದುಡ್ಡಿನಲ್ಲಿ ಬಳೆ ಕೊಂಡವಳಿಗೆ ಕಳ್ಳಿ ಎಂದಂತಾಯಿತು ಇದು. ಇದ್ದ ಬಲವೆಲ್ಲ ಮೊದಲು ಹೊಲಮನೆಗೆ, ಉಳಿದರೆ ಆಕೆಯ ಸಂತೋಷಕ್ಕೆ ಎಂಬ ಕಟ್ಟಳೆ ಯಾವ ಶಾಸ್ತ್ರದಲ್ಲೂ ಇಲ್ಲ. ಉಳಿಯುವುದೇ ಇಲ್ಲವಲ್ಲ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಪಾಳಿ ಮುಗಿದ ಮೇಲೆ ಮನೆಗೆ ನಡೆದ ಕಾರ್ಮಿಕನನ್ನು ಇನ್ನೂ ನಡೆಯುವ ಶಕ್ತಿ ಇದೆಯಲ್ಲ, ಮತ್ತೆ ಮಗ್ಗಕ್ಕೆ ನಿಲ್ಲು ಎಂದು ಯಾರಾದರೂ ಅಂದಾರೆಯೇ?

ಈ ಕ್ಷೇತ್ರದ ಕಥೆಯನ್ನೇ ತೆಗೆದುಕೊಳ್ಳಿರಿ. ನಿಮಗೆಲ್ಲ ಗೊತ್ತಿದ್ದದ್ದೇ. ರೇಣುಕಾದೇವಿ ದಿನಾಲು ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿ, ಜಮದಗ್ನಿ ಋಷಿಗಳ ಪೂಜೆಗೆ ನೀರು ತರುತ್ತಿದ್ದಳು. ಒಂದು ದಿನ ಮರಳಿನ ಕೊಡ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂದು ಪುರಾಣಿಕರು ಬಹಳ ವಿವರವಾಗಿ ಹೇಳುತ್ತಾರೆ, ನಾನು ಆ ಚರ್ಚೆಗೆ ಹೋಗುವುದಿಲ್ಲ. ಅದಕ್ಕೂ ಮೊದಲು ಎಷ್ಟು ಸಾವಿರ ದಿನ ಕೊಡ ನಿಂತಿತ್ತು ಎಂದು ಮಾತ್ರ ಕೇಳುತ್ತೇನೆ. ಅದನ್ನು ಯಾರೂ ಎಣಿಸಲಿಲ್ಲ. ಬರಿಗೈಯಲ್ಲಿ ಬಂದ ಆ ಒಂದು ದಿನ ಶಾಪ ತಟ್ಟಿ ಮೈತುಂಬ ರೋಗ ಬಂತು, ಮನೆ ತಪ್ಪಿತು, ಕಾಡು ಪಾಲಾದಳು. ಎಕ್ಕಯ್ಯ ಜೋಗಯ್ಯ ಎಂಬ ಸತ್ಪುರುಷರು ಸಿಕ್ಕು ದಾರಿ ಹೇಳಿದ ಮೇಲೆ ಜೋಗುಳಬಾವಿಯಲ್ಲಿ ಮಿಂದು ಗುಣವಾದಳು ಎಂದು ಇಲ್ಲಿಯ ಪ್ರತೀತಿ. ‘ಉಧೋ ಉಧೋ’ ಎಂದು ನಾವು ಕೂಗುವುದು ರೋಗವೆಂದು ಮನೆಯಿಂದ ಹೊರಬಿದ್ದ ಒಬ್ಬ ಹೆಣ್ಣುಮಗಳನ್ನು. ಆಕೆಯ ಗುಡ್ಡಕ್ಕೆ ಬಂದು, ಬೇನೆಯ ಸೊಸೆಗೆ ‘ಏಳು, ಒಲಿ ಹಚ್ಚು’ ಎಂದು ಗದರುವಾಗ ನಾವು ಯಾವ ಪಕ್ಷದಲ್ಲಿ ನಿಂತಿದ್ದೇವೆ ಎಂದು ವಿಚಾರ ಮಾಡಬೇಕು.

ಹಿಂದೆ ಮನೆಯಲ್ಲಿ ಬೇನೆ ಬಂದರೆ, ಮಗುವಿನ ತಲೆಯಲ್ಲಿ ಜಡೆ ಕಟ್ಟಿದರೆ, ಹೆಣ್ಣುಮಗುವನ್ನೇ ತಾಯಿಗೆ ಬಿಡುವ ಕೆಟ್ಟ ಪದ್ಧತಿ ಇತ್ತು. 1982ರ ಕಾಯ್ದೆ ಅದನ್ನು ಅಪರಾಧ ಎಂದು ಸಾರಿದೆ. ಕಾಯ್ದೆ ಇಲ್ಲದಿದ್ದರೂ ಅದು ಹರಕೆಯಲ್ಲ. ನನ್ನ ಶಕ್ತಿಗೆ ತಕ್ಕಂತೆ ಎಂದು ಹೇಳಿ ಇನ್ನೊಬ್ಬರ ಬಾಳನ್ನು ಕೊಡಲು ಬರುವುದಿಲ್ಲ. ಮಗ ತಾನಾಗಿ ಮುಂದೆ ಬಂದು ತಾಯಿಯ ಬದಲು ದೀಡ ನಮಸ್ಕಾರ ಹಾಕಿದರೆ ಅದು ಬೇರೆ ಮಾತು, ಅದನ್ನು ಮಾಡುವವರನ್ನು ನೀವು ನೋಡಿರುತ್ತೀರಿ.

ಬೇನೆಯವರನ್ನು ಕರೆತರುವವರಿಗೆ ಕೆಲವು ವಿನಂತಿ. ಹುಣ್ಣಿಮೆಯ ದಿನವೇ ಬರಬೇಕೆಂಬ ಹಟ ಬೇಡ. ಮಂಗಳವಾರ ಶುಕ್ರವಾರದ ಗದ್ದಲವನ್ನೂ ತಪ್ಪಿಸಿ ಸಾದಾ ದಿನ ಬಂದರೆ ಪಾಳಿಯಲ್ಲಿ ನಿಲ್ಲುವ ಬಲ ದರ್ಶನಕ್ಕೆ ಉಳಿಯುತ್ತದೆ. ವಾಹನ ಗುಡ್ಡದ ಮೇಲೆ ಬರುತ್ತದೆ, ಅದರಲ್ಲಿ ಬರಲು ನಾಚಿಕೆ ಏಕೆ? ಸಕ್ಕರೆ ರೋಗಕ್ಕೆ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಉಪವಾಸ ಹಿಡಿಯಬಾರದು. ಸಕ್ಕರೆ ಒಮ್ಮೆಲೇ ಇಳಿದು ತಲೆ ತಿರುಗಿ ಬಿದ್ದರೆ ಈ ಜನಜಂಗುಳಿಯಲ್ಲಿ ಗೊತ್ತಾಗುವುದೂ ತಡ. ಕೀಲುನೋವಿನವರು ಜನವರಿಯ ಚಳಿಯಲ್ಲಿ ಜೋಗುಳಬಾವಿಯ ತಣ್ಣೀರು ಹೊಯ್ದುಕೊಂಡರೆ ಇಡೀ ದಿನ ಮೈ ಸೆಟೆದುಕೊಂಡೀತು, ತಲೆಗೆ ತೀರ್ಥದಂತೆ ಚಿಮುಕಿಸಿಕೊಂಡರೆ ಸಾಕು. ಡಯಾಲಿಸಿಸ್‌ನವರು ತಮ್ಮ ಪಾಳಿಯ ದಿನ ತಪ್ಪಿಸಿಕೊಂಡು ಯಾತ್ರೆ ಮಾಡಬಾರದು. ಊರು ಮುಟ್ಟಿದ ಮರುದಿನವನ್ನು ಯಾತ್ರೆಯ ಲೆಕ್ಕದಲ್ಲೇ ಹಿಡಿಯಿರಿ. ಆ ದಿನ ಅವರಿಗೆ ಯಾವ ಕೆಲಸವನ್ನೂ ಹೇಳಬೇಡಿರಿ.

ಇನ್ನು ಉಳಿದದ್ದು ಆ ಹರಕೆಯ ಮಾತು. 2012ರಲ್ಲಿ ಆಕೆಯೇ ಒಂದು ದಿನ, “ನಡೀರಿ, ಗುಡ್ಡಕ್ಕ ಹೋಗೂಣು” ಎಂದಳು. ಹುಣ್ಣಿಮೆ ಅಲ್ಲ, ಏನಲ್ಲ. ಬಸ್ಸಿನಲ್ಲಿ ಬಂದೆವು, ನಮ್ಮ ಅವ್ವನೂ ಜೊತೆಗಿದ್ದಳು. ಜೋಗುಳಬಾವಿಯಲ್ಲಿ ನೀರು ಚಿಮುಕಿಸಿಕೊಂಡು ಸೀದಾ ಮೇಲೆ ಬಂದು, ಗುಡಿಯ ಮುಂದೆ ನಿಂತು, ಐದೇ ಐದು ದೀಡ ನಮಸ್ಕಾರ ಹಾಕಿದಳು. ಪ್ರತಿ ಸಲ ಏಳುವಾಗ ಮುಂಗೈ ಊರಲಾಗದೆ ಮೊಣಕೈ ಊರಿ ಏಳುತ್ತಿದ್ದಳು. ನಾನು ಕೈ ಕೊಡಲು ಹೋದೆ, ಬೇಡವೆಂದಳು. ಐದನೆಯದು ಮುಗಿದ ಮೇಲೆ ಅರಿವೆ ಝಾಡಿಸಿಕೊಂಡು, “ಮುಗೀತು” ಎಂದಳು. ಅವ್ವ, “ಬಾವಿಯಿಂದ ಅಂದಿದ್ದೆಲ್ಲ?” ಎಂದಳು. “ಹೌದ್ರೀ ಅತ್ತಿ, ಅಂದಿದ್ದೆ. ನನ್ನ ಮೈಯಾಗ ಇದ್ದದ್ದ ಇಷ್ಟ. ತಾಯಿಗೆ ಸುಳ್ಳ ಹೇಳಲಿಲ್ಲ ನಾ” ಎಂದಳು. ಅವ್ವ ಊರು ಮುಟ್ಟುವ ತನಕ ಮಾತಾಡಲಿಲ್ಲ. ಕಡೆಯವರೆಗೂ ಆ ಹರಕೆ ತೀರಿದೆ ಎಂದು ಅವ್ವ ಒಪ್ಪಲೂ ಇಲ್ಲ. ನಾನೂ ಆವತ್ತು ಮನಸ್ಸಿನಲ್ಲಿ ಅವ್ವನ ಪಕ್ಷವೇ ಇದ್ದೆ ಎಂದು ಹೇಳದಿದ್ದರೆ ಈ ಲೇಖನ ಬರೆದದ್ದು ಸುಳ್ಳಾಗುತ್ತದೆ.

ನನಗೆ ತಿಳಿದದ್ದು 2021ರಲ್ಲಿ, ಎರಡನೆಯ ಅಲೆಯ ಕೊರೊನಾ ಬಂದುಹೋದ ಮೇಲೆ. ನಾಲ್ಕು ತಿಂಗಳು ಪಡಸಾಲೆಯಿಂದ ಹಿತ್ತಲಿಗೆ ಹೋಗಿ ಬಂದರೆ ಕುಳಿತುಕೊಳ್ಳಬೇಕಾಗುತ್ತಿತ್ತು. ಜ್ವರ ಇಲ್ಲ, ಕೆಮ್ಮು ಇಲ್ಲ, ನೋಡಲು ಗುಂಡುಕಲ್ಲಿನಂತೆ ಇದ್ದೆ. ಮಗ ಏನೂ ಅನ್ನಲಿಲ್ಲ, ಆದರೆ ಅವನು ನೋಡುವ ನೋಟ ನನಗೆ ಗುರುತು ಸಿಕ್ಕಿತು; ಅದು ನನ್ನದೇ ನೋಟವಾಗಿತ್ತು. ಆಗ ನನಗೆ ಲೆಕ್ಕ ಕಲಿಸಿದವಳು ಆಕೆಯೇ. ಕುಳಿತು ಸ್ನಾನ ಮಾಡಿರ್ರಿ ಎಂದಳು, ಹತ್ತು ಹೆಜ್ಜೆ ಹೆಚ್ಚು ನಡೆಯಬಹುದು ಅನಿಸಿದಾಗ ತಿರುಗಿ ಬರ್ರಿ ಎಂದಳು. “ನಿಮಗ ಏನಾಗೇತಿ” ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಈಗ ಮನೆಯಲ್ಲಿ ರೊಟ್ಟಿ ದಿನಾಲು ಬಡಿಯುವುದಿಲ್ಲ. ಎರಡು ದಿನಕ್ಕೊಮ್ಮೆ ಸೊಸೆ ಬಡಿಯುತ್ತಾಳೆ, ಉಳಿದ ದಿನ ಅನ್ನ, ಇಲ್ಲವೆ ಖಡಕ್ ರೊಟ್ಟಿ ಕೊಂಡು ತರುತ್ತೇವೆ. ಈ ವರ್ಷ ಭಾರತ ಹುಣ್ಣಿಮೆ ಕಳೆದು ಎಂಟು ದಿನಕ್ಕೆ ಗುಡ್ಡಕ್ಕೆ ಬಂದೆವು. ಪಡ್ಡಲಗಿಗೆ ಹೋಳಿಗೆ ನಾನೇ ಮಾಡಿದೆ, ಆಕೆ ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟಳು. ಎರಡು ಹರಿದವು. ಅವನ್ನು ತಾಯಿಗೆ ಎಡೆ ಮಾಡುವುದು ಬೇಡವೆಂದು ತೆಗೆದಿಟ್ಟಿದ್ದೆ. ದಾರಿಯಲ್ಲಿ ಯರಗಟ್ಟಿಯ ಹತ್ತಿರ ಆಕೆ ಬುಟ್ಟಿ ಬಿಚ್ಚಿ ಅವೆರಡನ್ನೂ ತಿಂದಳು.